ಹಗ್ಗದ ಇನ್ನೊಂದು ತುದಿ

ನನ್ನ ಬಳಿ ಎರಡು ಸ್ಟೆಪ್ನಿಗಳಿದ್ದವು. ಒಂದು ಕಾರಿನ ಹಿಂಬಾಗಿಲಿಗೆ ತೂಗಿಕೊಂಡಿತ್ತು, ಇನ್ನೊಂದನ್ನು ಮೇಲಿನ ಕ್ಯಾರಿಯರ್‌ಗೆ ಬಿಗಿದಿದ್ದೆ. ಗಾಳಿ ತುಂಬುವ ಕಂಪ್ರೆಸರ್ ಇತ್ತು, ಒಳ್ಳೆಯ ಜಾಕಿ ಇತ್ತು, 60 ಲೀಟರ್ ನೀರಿತ್ತು. ಆದರೂ ಬರ್ಡ್ಸ್‌ವಿಲ್ ಟ್ರ್ಯಾಕಿನಲ್ಲಿ, ಹರಿದ ಟೈರಿನ ಪಕ್ಕದಲ್ಲಿ, ಎರಡು ಗಂಟೆ ಹೊತ್ತು ಏನೂ ಮಾಡಲಾಗದೆ ಕುಳಿತಿದ್ದೆ. ಚಕ್ರದ ಆರು ನಟ್‌ಗಳಲ್ಲಿ ನಾಲ್ಕು ಬಿಚ್ಚಿದ್ದವು. ಉಳಿದೆರಡು ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಅದು 2018ರ ಜುಲೈ. ದಕ್ಷಿಣ ಆಸ್ಟ್ರೇಲಿಯಾದ ಮರ್ರೀ ಎಂಬ ಪುಟ್ಟ ಊರಿನಿಂದ ಕ್ವೀನ್ಸ್‌ಲ್ಯಾಂಡಿನ ಬರ್ಡ್ಸ್‌ವಿಲ್‌ವರೆಗೆ 517 ಕಿಲೋಮೀಟರ್ ದಾರಿ. ನಡುವೆ ಡೀಸೆಲ್ ಸಿಗುವುದು ಮುಂಗೆರಾನಿ ಎಂಬ ಒಂದೇ ರೋಡ್‌ಹೌಸಿನಲ್ಲಿ. ಅದನ್ನು ದಾಟಿ ಉತ್ತರಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ಬಂದಿದ್ದೆ. ಸ್ಟರ್ಟ್ ಸ್ಟೋನಿ ಡೆಸರ್ಟ್ ಎಂದು ಕರೆಯುವ ಆ ಬಯಲಿನಲ್ಲಿ ಮರಳಿಗಿಂತ ಕಲ್ಲು ಹೆಚ್ಚು. ಗಾಳಿ ಉಜ್ಜಿ ಉಜ್ಜಿ ಹೊಳಪೇರಿಸಿದ ಕೆಂಗಂದು ಕಲ್ಲುಗಳು ದಿಗಂತದವರೆಗೂ ಹಾಸಿಕೊಂಡಿರುತ್ತವೆ. ಇಲ್ಲಿಯವರು ಅದನ್ನು ಗಿಬ್ಬರ್ ಎನ್ನುತ್ತಾರೆ. ಗ್ರೇಡರ್ ಯಂತ್ರ ದಾರಿಯನ್ನು ಕೆರೆದು ಹೋದ ಮೇಲೆ ಈ ಕಲ್ಲುಗಳ ಮುರಿದ ಅಂಚು ಮೇಲಕ್ಕೆ ಮುಖ ಮಾಡಿರುತ್ತದೆ. ಅಂಥದೊಂದು ಅಂಚು ನನ್ನ ಎಡ ಹಿಂಗಾಲಿಯ ಟೈರಿನ ಪಕ್ಕೆಯನ್ನು ಹೆಬ್ಬೆರಳುದ್ದ ಸೀಳಿತ್ತು.

ಹೊರಡುವ ಮೊದಲು ಅಡಿಲೇಡಿನಲ್ಲಿ ಹೊಸ ಟೈರುಗಳನ್ನು ಹಾಕಿಸಿದ್ದೆ. ಅಂಗಡಿಯವರು ನಟ್‌ಗಳನ್ನು ಗಾಳಿಯ ಗನ್ನಿನಿಂದ ಬಿಗಿದಿದ್ದರು. ಕಾರಿನ ಜೊತೆ ಬಂದಿದ್ದ ವೀಲ್ ಸ್ಪ್ಯಾನರ್ ಒಂದು ಗೇಣಿಗಿಂತ ಸ್ವಲ್ಪ ಉದ್ದ. ಅದರ ಮೇಲೆ ಹತ್ತಿ ನಿಂತೆ, ಕುಣಿದೆ, ಜಾರಿ ಬಿದ್ದು ಮೊಣಕಾಲು ಕೆತ್ತಿಸಿಕೊಂಡೆ. ಕೊನೆಗೆ ದೂರದಲ್ಲಿ ಧೂಳೆದ್ದಿತು. ಹತ್ತಿರದ ದನಗಳ ಸ್ಟೇಷನ್ನಿನ ಕೆಲಸಗಾರ. ಇಲ್ಲಿ ಸ್ಟೇಷನ್ ಎಂದರೆ ನಮ್ಮ ಒಂದು ತಾಲ್ಲೂಕಿಗಿಂತ ದೊಡ್ಡದಾಗಿರಬಹುದಾದ ಗೋಮಾಳ. ಅವನು ನನ್ನನ್ನೂ ಚಕ್ರವನ್ನೂ ನೋಡಿ, ತನ್ನ ವಾಹನದ ಸೀಟಿನ ಹಿಂದಿನಿಂದ ಒಂದು ಕಬ್ಬಿಣದ ಪೈಪು ತಂದು ಸ್ಪ್ಯಾನರಿನ ಹಿಡಿಗೆ ತೊಡಿಸಿದ. ಒಂದೇ ಕೈಯಲ್ಲಿ ಒತ್ತಿದ. ಎರಡೂ ನಟ್‌ಗಳು ಕಿರ್ರೆಂದು ಸಡಿಲವಾದವು. ಪೈಪನ್ನು ಹಿಂದಿರುಗಿಸಲು ಹೋದರೆ ಬೇಡ ಎಂದು ಕೈಯಾಡಿಸಿದ. ಅಂಥವು ಅವನ ಶೆಡ್ಡಿನಲ್ಲಿ ಬೇಕಾದಷ್ಟಿದ್ದವಂತೆ.

ಬರ್ಡ್ಸ್‌ವಿಲ್ ತಲುಪಿ ಊರಿಗೆ ಫೋನ್ ಮಾಡಿದೆ. ಅಪ್ಪ ಮೂವತ್ತು ವರ್ಷ ಚಳ್ಳಕೆರೆಯಿಂದ ಮುಂಬೈ, ಚೆನ್ನೈಗಳಿಗೆ ಶೇಂಗಾ ಎಣ್ಣೆಯ ಟಿನ್ನುಗಳನ್ನು ಹೊತ್ತು ಅಶೋಕ್ ಲೇಲ್ಯಾಂಡ್ ಲಾರಿ ಓಡಿಸಿದವರು. ಎಲ್ಲವನ್ನೂ ಕೇಳಿಸಿಕೊಂಡು, ಬೈಯದೆ, ಎರಡೇ ಪ್ರಶ್ನೆ ಕೇಳಿದರು. "ಎರಡು ಸ್ಟೆಪ್ನಿ ಹಾಕಿಕೊಂಡು ಹೋಗಿದ್ದೀಯ, ಪೈಪ್ ಇಟ್ಟುಕೊಳ್ಳಲಿಲ್ಲವೇನಪ್ಪ? ಜೊತೆಗೆ ಕ್ಲೀನರ್ ಯಾರು?"

ಕ್ಲೀನರ್ ಯಾರು ಎಂಬ ಆ ಮಾತು ನನ್ನನ್ನು ಬಿಟ್ಟಿಲ್ಲ. ಅಪ್ಪನ ಲಾರಿಯ ಎಡಗಡೆ ಸೀಟು ಎಂದೂ ಖಾಲಿ ಇರುತ್ತಿರಲಿಲ್ಲ. ಹಿಂದಕ್ಕೆ ತೆಗೆಯುವಾಗ ಬಾಡಿ ತಟ್ಟಿ ಕೂಗುವವನು, ಏರಿನಲ್ಲಿ ಚಕ್ರಕ್ಕೆ ಕಲ್ಲು ಕೊಡುವವನು, ಜಾಕಿಯ ಕೆಳಗೆ ಮರದ ದಿಮ್ಮಿ ಹಿಡಿಯುವವನು, ಎಂಜಿನ್ ಕಾದರೆ ಕೊಡ ಹಿಡಿದು ನೀರಿಗೆ ಓಡುವವನು ಅವನೇ. ಅವನಿಂದಲೂ ಆಗದಿದ್ದರೆ ಹೆದ್ದಾರಿಯೇ ಇತ್ತು. ಕೆಟ್ಟು ನಿಂತ ಲಾರಿಯ ಹಿಂದೆ ನಾಲ್ಕು ಕಲ್ಲು ಇಟ್ಟು ಹಸಿರು ಸೊಪ್ಪು ಮುರಿದು ಹಾಕಿದರೆ, ಬರುವ ಡ್ರೈವರ್‌ಗಳಲ್ಲಿ ಯಾರಾದರೂ ನಿಲ್ಲಿಸಿಯೇ ನಿಲ್ಲಿಸುತ್ತಿದ್ದರು. ಮರದ ಕೊಂಬೆಗೆ ಹಳೆಯ ಟೈರು ನೇತುಹಾಕಿದ ಪಂಕ್ಚರ್ ಅಂಗಡಿ ಎಷ್ಟು ಹೊತ್ತಿನಲ್ಲಿ ಹೋದರೂ ಎಚ್ಚರವಾಗುತ್ತಿತ್ತು. ಅಪ್ಪನ ಪೆಟ್ಟಿಗೆಯಲ್ಲಿ ಸಾಮಾನು ಕಡಿಮೆ ಇದ್ದುದಕ್ಕೆ ಅವರ ಸುತ್ತ ಜನ ಹೆಚ್ಚು ಇದ್ದದ್ದೇ ಕಾರಣ. ಇಲ್ಲಿ ಒಬ್ಬನೇ ಹೊರಡುವವನು ಆ ಜನರನ್ನೆಲ್ಲ ಸಾಮಾನಾಗಿ ಬದಲಿಸಿ ಡಿಕ್ಕಿಯಲ್ಲಿ ಹಾಕಿಕೊಳ್ಳಬೇಕು. ಎಲ್ಲರನ್ನೂ ಹಾಗೆ ಬದಲಿಸಲು ಬರುವುದಿಲ್ಲ ಎಂಬುದು ನನಗೆ ಅರ್ಥವಾಗಲು ಇನ್ನೂ ಎರಡು ಪ್ರಯಾಣ ಬೇಕಾದವು.

ಸ್ಟೆಪ್ನಿ ಎಂಬ ಪದವನ್ನು ಆಸ್ಟ್ರೇಲಿಯಾದಲ್ಲಿ ಯಾರೂ ಬಳಸುವುದಿಲ್ಲ. ನಾವು ಮಾತ್ರ ಅದನ್ನು ಮನೆಯ ಮಾತಿನಂತೆ ಇಟ್ಟುಕೊಂಡಿದ್ದೇವೆ. ಅದು ಬಂದದ್ದು ವೇಲ್ಸ್‌ನ ಲಾನೆಥ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ. 1904ರಲ್ಲಿ ಅಲ್ಲಿನ ಡೇವಿಸ್ ಸಹೋದರರು, ಆ ಕಾಲದ ಕಾರುಗಳಿಗೆ ಹೆಚ್ಚಿನ ಚಕ್ರವೇ ಇಲ್ಲದಿದ್ದಾಗ, ಸ್ಪೋಕ್‌ಗಳಿಲ್ಲದ ಒಂದು ಬಳೆಗೆ ಗಾಳಿ ತುಂಬಿದ ಟೈರು ತೊಡಿಸಿ, ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಅದನ್ನೇ ಬಿಗಿಯುವ ಉಪಾಯ ಮಾಡಿದರು. ಎಂದರೆ ಕೆಟ್ಟ ಚಕ್ರವನ್ನು ಬಿಚ್ಚುವ ಪ್ರಶ್ನೆಯೇ ಇರಲಿಲ್ಲ. ಗಿಬ್ಬರ್ ಬಯಲಿನ ಆ ಎರಡು ನಟ್‌ಗಳನ್ನು ನೆನೆದಾಗಲೆಲ್ಲ ಆ ಸಹೋದರರ ಬುದ್ಧಿಯ ಬಗ್ಗೆ ನನಗೆ ಗೌರವ ಹೆಚ್ಚುತ್ತದೆ.

ಎರಡನೆಯ ಪ್ರಯಾಣಕ್ಕೆ ನಾನು ಕೈಗೆ ಸಿಕ್ಕಿದ್ದನ್ನೆಲ್ಲ ಕೊಂಡೆ. ಮೊದಲ ಸಲದ ಅವಮಾನ ಎನ್ನಲೇ, ಭಯ ಎನ್ನಲೇ, ಅಂಗಡಿಯಲ್ಲಿ ತೋರಿಸಿದ ಪ್ರತಿಯೊಂದೂ ಅಗತ್ಯ ಎನಿಸುತ್ತಿತ್ತು. ಅದರಲ್ಲಿ ಒಂದು ಸ್ನ್ಯಾಚ್ ಸ್ಟ್ರಾಪ್: ಒಂಬತ್ತು ಮೀಟರ್ ಉದ್ದದ, ಎಳೆದರೆ ಹಿಗ್ಗುವ ನೈಲಾನ್ ಪಟ್ಟಿ. ಮರಳಿನಲ್ಲಿ ಹೂತ ವಾಹನಕ್ಕೆ ಒಂದು ತುದಿ, ಗಟ್ಟಿ ನೆಲದ ಮೇಲಿನ ವಾಹನಕ್ಕೆ ಇನ್ನೊಂದು ತುದಿ ಕಟ್ಟಿ ಎಳೆಸಿದರೆ ಪಟ್ಟಿ ಹಿಗ್ಗಿ ಕುಗ್ಗುವ ಬಲಕ್ಕೆ ಹೂತ ಗಾಡಿ ಚಿಮ್ಮಿ ಹೊರಬರುತ್ತದೆ. ಮನೆಯ ಮುಂದೆ ಅದನ್ನು ಬಿಚ್ಚಿ ಹಾಸಿ, ಒಂದು ತುದಿಯನ್ನು ನನ್ನ ಕಾರಿನ ಕೊಂಡಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಎದ್ದು ನಿಂತೆ. ಹಿಡಿದುಕೊಳ್ಳಲು ಆ ಕಡೆ ಯಾರಿದ್ದಾರೆ? ಅಪ್ಪನ ಪ್ರಶ್ನೆಯೇ ಬೇರೆ ರೂಪದಲ್ಲಿ ನನ್ನ ಕೈಯಲ್ಲಿತ್ತು.

ಅಂದಿನಿಂದ ಪ್ರತಿಯೊಂದು ಸಾಮಾನನ್ನೂ ಇದೇ ಪ್ರಶ್ನೆಯಿಂದ ಅಳೆಯುತ್ತೇನೆ. ಜಂಪರ್ ಕೇಬಲ್ಲಿಗೆ ಇನ್ನೊಂದು ತುದಿ ಬೇಕು, ಅಲ್ಲಿ ಚಾರ್ಜ್ ಇರುವ ಇನ್ನೊಂದು ಬ್ಯಾಟರಿ ಇರಬೇಕು. ಅದನ್ನು ಮನೆಯಲ್ಲಿ ಬಿಟ್ಟು, ಇಟ್ಟಿಗೆಗಿಂತ ಚಿಕ್ಕದಾದ ಲಿಥಿಯಂ ಜಂಪ್ ಪ್ಯಾಕ್ ಇಟ್ಟುಕೊಂಡೆ. ವಿಂಚ್ ಎಂಬ ಎಳೆಯುವ ಯಂತ್ರಕ್ಕೂ ಇನ್ನೊಂದು ತುದಿ ಬೇಕು, ಅಲ್ಲಿ ಮರ ಇರಬೇಕು. ಗಿಬ್ಬರ್ ಬಯಲಿನಲ್ಲಿ ಮೊಣಕಾಲೆತ್ತರದ ಗಿಡವೂ ಅಪರೂಪ. ಸ್ಟೆಪ್ನಿಯನ್ನೇ ಆಳವಾಗಿ ಹೂತು ಅದಕ್ಕೆ ಹಗ್ಗ ಕಟ್ಟಬಹುದು ಎನ್ನುತ್ತಾರೆ. ಒಮ್ಮೆ ಸಮುದ್ರತೀರದ ಮರಳಿನಲ್ಲಿ ಮಾಡಿಯೂ ನೋಡಿದೆ. ಗುಂಡಿ ತೋಡುವುದರಲ್ಲಿ ಅರ್ಧ ದಿನವೂ ನನ್ನ ಸೊಂಟವೂ ಹೋದವು. ಬೇಸಿಗೆಯ ಬಿಸಿಲಿನಲ್ಲಿ ಆ ಕೆಲಸಕ್ಕೆ ಸುರಿಸುವ ಬೆವರಿನ ಲೆಕ್ಕ ಹಾಕಿದರೆ ವಿಂಚ್ ನನ್ನಂಥವನಿಗಲ್ಲ. ಕಾಡು ದಾರಿಗಳಲ್ಲಿ ಓಡಾಡುವವರ ಮಾತು ಬೇರೆ.

ಆ ಪಟ್ಟಿಯನ್ನು ಮಾತ್ರ ಬಿಟ್ಟಿಲ್ಲ. ನನಗೆ ಆಗದಿದ್ದರೂ ದಾರಿಯಲ್ಲಿ ಸಿಗುವ ಇನ್ನೊಬ್ಬರಿಗೆ ನಾನೇ ಆ ತುದಿಯಾಗಬಹುದಲ್ಲ.

ಹಾಗಾದರೆ ಒಂಟಿಯಾಗಿ ಮರಳಿನಿಂದ ಹೊರಬರುವುದು ಹೇಗೆ? ಗುದ್ದಲಿ, ಎರಡು ಪ್ಲಾಸ್ಟಿಕ್ ಹಲಗೆ, ಒಂದು ಗಾಳಿಯ ಮೀಟರ್. ಹೂತ ಚಕ್ರದ ಮುಂದೆ ಇಳಿಜಾರಾಗಿ ತೋಡಿ, ಹಲ್ಲುಗಳಿರುವ ಹಲಗೆಯನ್ನು ಚಕ್ರದ ಕೆಳಗೆ ನೂಕಿ, ನಿಧಾನವಾಗಿ ಹತ್ತಿಸಬೇಕು. ಇದು ಹೊಸ ವಿದ್ಯೆಯೇನಲ್ಲ. 1936ರಿಂದ ಹಲವು ವರ್ಷ ಬರ್ಡ್ಸ್‌ವಿಲ್ ಟ್ರ್ಯಾಕಿನಲ್ಲಿ ಅಂಚೆ ಹೊತ್ತು ತಿರುಗಿದ ಟಾಮ್ ಕ್ರೂಸ್ ಮರಳದಿಬ್ಬಗಳ ಮೇಲೆ ಕಬ್ಬಿಣದ ತಗಡುಗಳನ್ನು ಹಾಸಿ ಲಾರಿ ದಾಟಿಸುತ್ತಿದ್ದರು. ಅವರ ಲಾರಿ ಲೇಲ್ಯಾಂಡ್ ಬ್ಯಾಡ್ಜರ್. ಅಡಿಲೇಡಿನಿಂದ ಹೆಚ್ಚು ದೂರವಿಲ್ಲದ ಬರ್ಡ್‌ವುಡ್ ಊರಿನ ಮೋಟಾರು ವಸ್ತುಸಂಗ್ರಹಾಲಯದಲ್ಲಿ ಆ ಲಾರಿಯನ್ನು ಇರಿಸಿದ್ದಾರೆ. ಅಪ್ಪ ನಮ್ಮ ಮನೆಗೆ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಲೇಲ್ಯಾಂಡ್ ಎಂಬ ಹೆಸರನ್ನು ನೋಡಿ ಬಾನೆಟ್ಟಿನ ಎದುರು ಚಪ್ಪಲಿ ಬಿಟ್ಟು ಕೈಮುಗಿದರು. ಆಯುಧಪೂಜೆಯ ದಿನ ಜಾಕಿಗೂ ವೀಲ್ ಸ್ಪ್ಯಾನರಿಗೂ ಕುಂಕುಮವಿಟ್ಟು ಬೆಳೆದ ಮನೆ ನಮ್ಮದು. ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಹಲಗೆಗಿಂತಲೂ ಮೊದಲು ಗಾಳಿ. ಡಾಂಬರಿನ ಮೇಲೆ ನನ್ನ ಟೈರುಗಳಲ್ಲಿ 38 ಪಿ.ಎಸ್.ಐ. ಗಾಳಿ ಇರುತ್ತದೆ. ಕಲ್ಲುದಾರಿಗೆ ಇಳಿದಾಗ 28ಕ್ಕೆ, ಮರಳಿಗೆ 16ರಿಂದ 18ಕ್ಕೆ ಇಳಿಸುತ್ತೇನೆ. ಗಾಳಿ ಇಳಿಸಿದ ಟೈರು ಕಲ್ಲಿನ ಮೇಲೆ ಮೆತ್ತಗೆ ಬಾಗಿ ಹಾಯುತ್ತದೆ, ಮರಳಿನಲ್ಲಿ ಉದ್ದಕ್ಕೆ ಚಪ್ಪಟೆಯಾಗಿ ಒಂಟೆಯ ಪಾದದಂತೆ ತೇಲುತ್ತದೆ. ವೇಗವನ್ನೂ ಅದಕ್ಕೆ ತಕ್ಕಂತೆ ಇಳಿಸಬೇಕು, ಇಲ್ಲವಾದರೆ ಬಾಗಿ ಬಾಗಿ ಕಾದು ಟೈರೇ ಒಡೆದುಹೋಗುತ್ತದೆ. ಮೊದಲ ಪ್ರಯಾಣದಲ್ಲಿ ನಾನು 38ರಲ್ಲೇ, ಗಂಟೆಗೆ 90ರಲ್ಲಿ ಓಡಿಸುತ್ತಿದ್ದೆ. ಆ ಟೈರನ್ನು ಸೀಳಿದ್ದು ಕಲ್ಲೊಂದೇ ಅಲ್ಲ.

1998ರ ಡಿಸೆಂಬರಿನಲ್ಲಿ ಐರ್ ಸರೋವರದ ದಂಡೆಯಲ್ಲಿ ಆಸ್ಟ್ರಿಯಾದಿಂದ ಬಂದ ಇಬ್ಬರು ಪ್ರವಾಸಿಗಳ ವಾಹನ ಮರಳಿನಲ್ಲಿ ಹೂತುಹೋಯಿತು. ಕಾದು ಕಾದು, ಅವರಲ್ಲಿ ಯುವತಿ ವಿಲಿಯಂ ಕ್ರೀಕ್ ಎಂಬ ಪುಟ್ಟ ಊರಿನ ಕಡೆಗೆ ನಡೆದು ಹೊರಟು ದಾರಿಯಲ್ಲೇ ಪ್ರಾಣ ಬಿಟ್ಟಳು. ವಾಹನದ ಬಳಿ ಕಾದಿದ್ದ ಜೊತೆಗಾರ ಬದುಕಿದ. ಆಮೇಲೆ ಬಂದ ಪೊಲೀಸರು ಟೈರುಗಳ ಗಾಳಿ ಇಳಿಸಿ ಅದೇ ವಾಹನವನ್ನು ಹೊರಗೆ ಓಡಿಸಿದರು. ಇದನ್ನು ಮೊದಲು ತಿಳಿದ ದಿನ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಟೈರಿನ ವಾಲ್ವ್ ಒತ್ತಲು ಒಂದು ಕಡ್ಡಿ ಸಾಕು. ಅದು ಎಲ್ಲರ ಬಳಿಯೂ ಇರುತ್ತದೆ, ಒತ್ತಬೇಕು ಎಂಬ ತಿಳಿವಳಿಕೆ ಮಾತ್ರ ಎಲ್ಲರ ಬಳಿಯೂ ಇರುವುದಿಲ್ಲ.

"ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು" ಎಂದು ನಮ್ಮಲ್ಲಿ ಹೇಳುತ್ತಾರೆ. ಕೊಂಡು ತಂದ ಸಾಮಾನಿಗೂ ಅದು ಸಲ್ಲುತ್ತದೆ. ಪಂಕ್ಚರ್ ಹಾಕುವ ಕಿಟ್ ನನ್ನ ಬಳಿ ಒಂದು ವರ್ಷ ಪೊಟ್ಟಣ ಒಡೆಯದೆ ಇತ್ತು. ಒಂದು ಭಾನುವಾರ ಹಳೆಯ ಟೈರಿಗೆ ಬೇಕೆಂದೇ ಮೊಳೆ ಹೊಡೆದು, ಅಂಟುಬಳ್ಳಿಯನ್ನು, ಎಂದರೆ ಅಂಟುವ ರಬ್ಬರಿನ ಎಳೆಯನ್ನು, ಆ ತೂತಿಗೆ ತೂರಿಸಲು ಹೋದೆ. ಕಿಟ್ಟಿನ ಜೊತೆ ಬಂದಿದ್ದ ಪ್ಲಾಸ್ಟಿಕ್ ಹಿಡಿಯ ದಬ್ಬಳ ಮುರಿದು ಕೈಗೆ ಬಂತು. ಉಕ್ಕಿನ ಹಿಡಿಯದನ್ನು ತಂದೆ. ಎಂಟು ಬಾರಿ ಅಭ್ಯಾಸ ಮಾಡಿದ ಮೇಲೆ ಈಗ ಚಕ್ರ ಬಿಚ್ಚದೆಯೇ ತೂತು ಮುಚ್ಚಬಲ್ಲೆ. ಪಕ್ಕೆ ಸೀಳಿದರೆ ಈ ಉಪಾಯ ಹೆಚ್ಚು ನಡೆಯುವುದಿಲ್ಲ, ನೆಲ ಮುಟ್ಟುವ ಭಾಗದ ತೂತಿಗೆ ಮಾತ್ರ.

ಇದರಿಂದ ಒಂದು ನಿಯಮ ಮಾಡಿಕೊಂಡೆ. ಒಂದು ವರ್ಷ ಪೂರ್ತಿ ಮನೆಯಲ್ಲಿ ಕಾರಿನ ಯಾವ ಕೆಲಸವನ್ನೇ ಮಾಡಲಿ, ಪ್ರಯಾಣದ ಪೆಟ್ಟಿಗೆಯಲ್ಲಿರುವ ಉಪಕರಣಗಳಿಂದ ಮಾತ್ರ ಮಾಡುವುದು. ಗ್ಯಾರೇಜಿನ ಗೋಡೆಯ ಮೇಲಿನದಕ್ಕೆ ಕೈ ಹಾಕಬೇಕಾಗಿ ಬಂದರೆ ಅದು ಪೆಟ್ಟಿಗೆಗೆ ಸೇರಬೇಕು. ವರ್ಷ ಕಳೆದರೂ ಮುಟ್ಟದೆ ಉಳಿದದ್ದು ಪೆಟ್ಟಿಗೆಯಿಂದ ಹೊರಬೀಳಬೇಕು. ಹೀಗೆ ಅರ್ಧಕ್ಕರ್ಧ ಸ್ಪ್ಯಾನರುಗಳು ಹೊರಬಿದ್ದವು. ಮೂರು ಗಾತ್ರದವು ಎಲ್ಲದಕ್ಕೂ ಬೇಕಾದವು, ಅವುಗಳಲ್ಲಿ ಹತ್ತು ಮಿಲಿಮೀಟರಿನದು ಎರಡು ಇಟ್ಟುಕೊಂಡಿದ್ದೇನೆ. ಮರ್ರೀಯಿಂದ ಹೊರಡುವ ಇನ್ನೊಂದು ಮಣ್ಣುದಾರಿಯಾದ ಊಡ್ನಡಾಟಾ ಟ್ರ್ಯಾಕಿನ ಅಲೆಅಲೆಯಾದ ನೆಲದ ಮೇಲೆ ದಿನವಿಡೀ ಅದುರಿ, ಬೆಳಿಗ್ಗೆ ಕೀಲಿ ತಿರುಗಿಸಿದಾಗ ಎಂಜಿನ್ ಸದ್ದೇ ಮಾಡದೆ ನಿಂತದ್ದು ಅದೇ ಹತ್ತರ ಸ್ಪ್ಯಾನರಿನ ಒಂದು ಸುತ್ತಿಗೆ ಸರಿಹೋಯಿತು: ಬ್ಯಾಟರಿಯ ಕ್ಲಾಂಪ್ ಸಡಿಲವಾಗಿತ್ತು.

ಬಿಡಿಭಾಗಗಳ ವಿಷಯದಲ್ಲಿ ಅಪ್ಪನ ಪದ್ಧತಿಯನ್ನೇ ಹಿಡಿದಿದ್ದೇನೆ. ಅವರ ಸೀಟಿನ ಹಿಂದೆ ಯಾವಾಗಲೂ ಹಳೆಯ ಫ್ಯಾನ್ ಬೆಲ್ಟೊಂದು ತೂಗುತ್ತಿತ್ತು. ಹೊಸದನ್ನು ಯಾಕೆ ಇಟ್ಟುಕೊಳ್ಳಬಾರದು ಎಂದು ಹುಡುಗನಾಗಿದ್ದಾಗ ಕೇಳಿದ್ದೆ. ಹೊಸದು ಕೂರುತ್ತದೆಯೋ ಇಲ್ಲವೋ ಯಾರಿಗೆ ಗೊತ್ತು, ಹಳೆಯದು ಕೂತು ಓಡಿದೆ ಎಂದಿದ್ದರು. ಬೆಲ್ಟು, ರೇಡಿಯೇಟರಿನ ಮೇಲಿನ ಕೆಳಗಿನ ಹೋಸುಗಳು, ಇವು ಪೂರ್ತಿ ಸವೆಯುವ ಮೊದಲೇ ಹೊಸದನ್ನು ಮನೆಯಲ್ಲಿ ಹಾಕಿ, ಬಿಚ್ಚಿದ್ದನ್ನು ಪೆಟ್ಟಿಗೆಗೆ ಹಾಕುತ್ತೇನೆ. ಹಾಕುವ ಕೆಲಸವೂ ಕೈಗೆ ಒಗ್ಗಿರುತ್ತದೆ, ಅಳತೆಯೂ ಖಚಿತ. ಇವುಗಳ ಜೊತೆ ಡೀಸೆಲ್ ಫಿಲ್ಟರ್ ಎರಡು, ಫ್ಯೂಸುಗಳು, ಹೋಸ್ ಕ್ಲಿಪ್ಪುಗಳು, ತನಗೆ ತಾನೇ ಅಂಟಿಕೊಳ್ಳುವ ಸಿಲಿಕೋನ್ ಟೇಪು, ಎಂಜಿನ್ ಆಯಿಲ್, ಕೂಲಂಟ್, ಒಂದು ಸುರುಳಿ ಬೈಂಡಿಂಗ್ ವೈರ್, ಬಾಗಿಲು ತೆರೆಯಲು ಇನ್ನೊಂದು ಕೀಲಿ. ಆ ಕೀಲಿ ಪೆಟ್ಟಿಗೆಯಲ್ಲಲ್ಲ, ನನ್ನ ಕೊರಳಿನ ದಾರದಲ್ಲಿರುತ್ತದೆ. ಜೊತೆಗೆ ಇನ್ನೊಬ್ಬರಿದ್ದರೆ ಕೀಲಿ ಒಳಗೇ ಉಳಿದು ಬಾಗಿಲು ಬಿದ್ದಿತೆಂಬುದು ನಗುವ ಸಂಗತಿ. ಒಬ್ಬನೇ ಇದ್ದು, ನೀರೆಲ್ಲ ಗಾಜಿನ ಒಳಗಡೆ ಉಳಿದರೆ ಹಾಗಲ್ಲ.

ಇಷ್ಟೆಲ್ಲ ಹೇಳುವಾಗ ತೂಕದ ಮಾತು ಮರೆಯಬಾರದು. ನನ್ನ ಹಳೆಯ ಪ್ರಾಡೊದ ಎರಡು ಟ್ಯಾಂಕು ಸೇರಿ 180 ಲೀಟರ್ ಡೀಸೆಲ್ ಹಿಡಿಸುತ್ತದೆ, ಅದೇ 150 ಕಿಲೋ. ನೀರು 60 ಕಿಲೋ. ಒಂದೊಂದು ಸ್ಟೆಪ್ನಿಯೂ 30 ಕಿಲೋ ಮೀರುತ್ತದೆ. ಎರಡನೆಯ ಪ್ರಯಾಣಕ್ಕೆ ಮುಂಚೆ ವೇಬ್ರಿಡ್ಜಿಗೆ ಒಯ್ದು ನಿಲ್ಲಿಸಿದೆ. ಅಪ್ಪನ ಲಾರಿಯನ್ನು ಚಳ್ಳಕೆರೆಯ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ಚೀಟಿ ತರಲು ನಾನೇ ಓಡುತ್ತಿದ್ದೆ, ಹಾಗಾಗಿ ಆ ಚೀಟಿಯನ್ನು ಓದುವುದು ನನಗೆ ಹೊಸದಲ್ಲ. ಕಾರಿಗೆ ಅನುಮತಿಸಿದ ಒಟ್ಟು ಭಾರವನ್ನು ದಾಟಿದ್ದೆ. ಅಲೆಅಲೆಯಾದ ನೆಲದ ಮೇಲೆ ಮಿತಿಮೀರಿದ ಭಾರ ಹೊತ್ತರೆ ಶಾಕ್ ಅಬ್ಸಾರ್ಬರ್ ಕಾದು ಸೋರುತ್ತದೆ, ಕ್ಯಾರಿಯರಿನ ಬೆಸುಗೆ ಬಿಡುತ್ತದೆ, ಸ್ಪ್ರಿಂಗು ತುಂಡಾಗುತ್ತದೆ. ಕೆಟ್ಟರೆ ಇರಲಿ ಎಂದು ಹೇರಿಕೊಂಡದ್ದೇ ಕೆಡಿಸುತ್ತದೆ. ಮನೆಗೆ ಬಂದು ಹಿಂದಿನ ಸೀಟುಗಳನ್ನು ಬಿಚ್ಚಿ ತೆಗೆದೆ. ಒಬ್ಬನಿಗೆ ಅವೇಕೆ? ಛಾವಣಿಯ ಮೇಲಿದ್ದ ಸ್ಟೆಪ್ನಿಯನ್ನು ಆ ಜಾಗಕ್ಕೆ ಇಳಿಸಿದೆ. ಅಷ್ಟೆತ್ತರದಿಂದ 30 ಕಿಲೋದ ಚಕ್ರವನ್ನು ಒಬ್ಬನೇ ಇಳಿಸುವುದು ಹೇಗೆಂದು ಅದುವರೆಗೆ ನಾನು ಯೋಚಿಸಿಯೇ ಇರಲಿಲ್ಲ. ಅದಕ್ಕೂ ಇನ್ನೊಂದು ತುದಿ ಬೇಕಿತ್ತು.

ಆ ಕಲ್ಲಿನ ಬಯಲಿಗೆ ಹೆಸರು ಕೊಟ್ಟ ಚಾರ್ಲ್ಸ್ ಸ್ಟರ್ಟ್ 1844ರ ಆಗಸ್ಟಿನಲ್ಲಿ ಅಡಿಲೇಡಿನಿಂದ ಹೊರಟಾಗ ಎತ್ತು, ಕುದುರೆ, ಕುರಿಮಂದೆಗಳ ಜೊತೆ ಒಂದು ದೋಣಿಯನ್ನೂ ಗಾಡಿಯ ಮೇಲೆ ಹೇರಿಕೊಂಡಿದ್ದ. ಖಂಡದ ನಡುವೆ ಸಮುದ್ರವಿದೆ ಎಂಬ ನಂಬಿಕೆ ಅವನದು. 1845ರಲ್ಲಿ ಸುತ್ತೆಲ್ಲ ನೀರು ಬತ್ತಿ, ಡಿಪೋ ಗ್ಲೆನ್ ಎಂಬ ಒಂದು ಹೊಂಡದ ಬಳಿ ತಿಂಗಳುಗಟ್ಟಲೆ ಸಿಕ್ಕಿಬಿದ್ದ. ದೋಣಿಯನ್ನು ಕೊನೆಗೆ ಅಲ್ಲೇ ಬಿಟ್ಟ. ಅವನನ್ನು ಹಳಿಯಲು ನನಗೆ ಮನಸ್ಸಿಲ್ಲ. ತಾನು ಕಾಣಬಯಸಿದ ನೆಲಕ್ಕೆ ತಕ್ಕ ಸಾಮಾನನ್ನು ಅವನು ಒಯ್ದಿದ್ದ. ನಾನು ಒಯ್ಯುತ್ತಿದ್ದುದೂ ಹಾಗೆಯೇ, ಅಂಗಡಿಯ ಚಿತ್ರಗಳಲ್ಲಿ ಕಂಡ ನೆಲಕ್ಕೆ ತಕ್ಕದ್ದು.

ಸಂಪರ್ಕದ ಸಾಧನಗಳಲ್ಲಿ ಈ ತುದಿಯ ವಿಚಾರ ಇನ್ನೂ ಸೂಕ್ಷ್ಮ. ಕಾರಿನಲ್ಲಿ ಯು.ಎಚ್.ಎಫ್. ರೇಡಿಯೊ ಇದೆ, 80 ಚಾನೆಲ್‌ಗಳದು. 40ನೆಯದರಲ್ಲಿ ಲಾರಿಯವರು ಮಾತಾಡುತ್ತಾರೆ, 5ನೆಯದು ತುರ್ತಿಗೆ. ಆದರೆ ಅದರ ದನಿ ಕಣ್ಣಿಗೆ ಕಾಣುವಷ್ಟು ದೂರಕ್ಕಿಂತ ಹೆಚ್ಚು ಹೋಗುವುದಿಲ್ಲ. ಆ ದೂರದೊಳಗೆ ಕೇಳುವವರು ಇಲ್ಲದಿದ್ದರೆ ಗೋಡೆಯೊಡನೆ ಮಾತಾಡಿದಂತೆ. 1928ರಲ್ಲಿ ಹಾರುವ ವೈದ್ಯರ ಸೇವೆ ಆರಂಭಿಸಿದ ಜಾನ್ ಫ್ಲಿನ್‌ಗೆ ಎದುರಾದದ್ದೂ ಇದೇ ತೊಡಕು: ವಿಮಾನವಿದೆ, ವೈದ್ಯರಿದ್ದಾರೆ, ಕರೆಯುವುದು ಹೇಗೆ? ಮರುವರ್ಷ ಆಲ್ಫ್ರೆಡ್ ಟ್ರೇಗರ್ ಸೈಕಲ್ಲಿನಂತೆ ತುಳಿದು ವಿದ್ಯುತ್ ಹುಟ್ಟಿಸುವ ರೇಡಿಯೊ ಕಟ್ಟಿದ ಮೇಲೆಯೇ ಆ ಸೇವೆಗೆ ಕಿವಿ ಬಂದದ್ದು.

ಇಂದು ಆ ಕೆಲಸವನ್ನು ಪಿ.ಎಲ್.ಬಿ. ಎಂಬ, ಅಂಗೈಯಲ್ಲಿ ಹಿಡಿಸುವ ತುರ್ತು ಸಂಕೇತದ ಸಾಧನ ಮಾಡುತ್ತದೆ. ಅದಕ್ಕೆ ತಿಂಗಳ ಬಾಡಿಗೆ ಇಲ್ಲ. ಆಸ್ಟ್ರೇಲಿಯಾದ ಸಮುದ್ರ ಸುರಕ್ಷತಾ ಪ್ರಾಧಿಕಾರದಲ್ಲಿ ಉಚಿತವಾಗಿ ನೋಂದಾಯಿಸಿದರೆ ಆಯಿತು. ಆಂಟೆನಾ ಬಿಡಿಸಿ ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಗಳಿಗೆ ಕನಿಷ್ಠ 24 ಗಂಟೆ ಸಂಕೇತ ಕಳುಹಿಸುತ್ತಿರುತ್ತದೆ. ನಾನು ಅದನ್ನು ಕಾರಿನಲ್ಲಿಡುವುದಿಲ್ಲ, ಬೆಲ್ಟಿಗೆ ಕಟ್ಟಿಕೊಳ್ಳುತ್ತೇನೆ. ಜಾಕಿ ಜಾರಿ ಕಾಲು ಸಿಕ್ಕಿಕೊಂಡವನಿಗೆ ಡ್ಯಾಶ್‌ಬೋರ್ಡಿನ ಮೇಲಿನ ಪೆಟ್ಟಿಗೆ ಎಟುಕದು. ಸಂಕೇತ ಸಿಕ್ಕಾಗ ಕ್ಯಾನ್‌ಬೆರಾದಲ್ಲಿ ಕುಳಿತವರು ನೋಂದಣಿಯಲ್ಲಿ ಬರೆದಿರುವ ಸಂಖ್ಯೆಗೆ ಕರೆ ಮಾಡುತ್ತಾರೆ. ಅಲ್ಲಿರುವುದು ನನ್ನ ಹೆಂಡತಿಯ ಸಂಖ್ಯೆ. ಕಾರಿನ ಬಣ್ಣ, ಯಾವ ದಾರಿ, ಎಷ್ಟು ನೀರು, ಯಾವ ದಿನ ಎಲ್ಲಿ, ಇವೆಲ್ಲ ಅವಳ ಬಳಿ ಒಂದು ಹಾಳೆಯಲ್ಲಿರುತ್ತವೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವಳು ಅವಳು. ತುರ್ತು ಕರೆಗೆ ಹೇಗೆ ಉತ್ತರಿಸಬೇಕೆಂದು ನನಗಿಂತ ಚೆನ್ನಾಗಿ ಬಲ್ಲಳು.

ಒಮ್ಮೆ ಮಾತ್ರ ನಾನು ಆ ಹಾಳೆಗೆ ದ್ರೋಹ ಮಾಡಿದೆ. ವಿಲಿಯಂ ಕ್ರೀಕಿನಲ್ಲಿ ಯಾರೋ ಹೇಳಿದರೆಂದು ದಾರಿ ಬದಲಿಸಿ, ಸಂದೇಶ ಕಳುಹಿಸದೆ, ಒಂದು ರಾತ್ರಿ ಬೇರೆಡೆ ತಂಗಿದೆ. ಮರುದಿನ ಸಂಜೆ ಸಿಕ್ಕಿದ ಫೋನಿನಲ್ಲಿ ಅವಳು ಕೂಗಾಡಲಿಲ್ಲ. "ನಿಮ್ಮನ್ನು ನಾನು ತಪ್ಪು ರಸ್ತೆಯಲ್ಲಿ ಹುಡುಕಿಸುತ್ತಿದ್ದೆ" ಎಂದಳು, ಅಷ್ಟೇ. ಬರ್ಡ್ಸ್‌ವಿಲ್ ಟ್ರ್ಯಾಕ್ ದಾಟುವ ಕೂಪರ್ ಕ್ರೀಕಿನ ಮೇಲ್ಭಾಗದಲ್ಲಿ, ಕ್ವೀನ್ಸ್‌ಲ್ಯಾಂಡಿನಲ್ಲಿ, ಡಿಗ್ ಟ್ರೀ ಎಂಬ ಮರವಿದೆ. ಖಂಡದ ಉತ್ತರ ತುದಿಯತ್ತ ಹೋಗಿದ್ದ ಬರ್ಕ್ ಮತ್ತು ವಿಲ್ಸ್ ತಂಡಕ್ಕಾಗಿ ನಾಲ್ಕು ತಿಂಗಳಿಗೂ ಹೆಚ್ಚು ಕಾದಿದ್ದವರು 1861ರ ಏಪ್ರಿಲ್ 21ರ ಬೆಳಿಗ್ಗೆ ಅಲ್ಲಿಂದ ಹೊರಟರು. ಅದೇ ಸಂಜೆ ಬರ್ಕ್‌ನ ಗುಂಪು ಬಂದಿತು. ಹೂತಿಟ್ಟಿದ್ದ ಆಹಾರವನ್ನು ಅಗೆದು ತೆಗೆದು, ತಮ್ಮ ಚೀಟಿಯನ್ನು ಅದೇ ಗುಂಡಿಯಲ್ಲಿ ಹೂತು, ಮೇಲೆ ಮೊದಲಿನಂತೆಯೇ ಮುಚ್ಚಿ ನಡೆದರು. ಮರದ ಮೇಲೆ ಹೊಸ ಗುರುತು ಮಾಡಲಿಲ್ಲ. ಹೊರಟುಹೋಗಿದ್ದವರಲ್ಲಿ ಒಬ್ಬ ಮೇ ತಿಂಗಳಲ್ಲಿ ಮತ್ತೆ ಬಂದು ನೋಡಿ, ಯಾರೂ ಬಂದಿಲ್ಲವೆಂದು ಮರಳಿದ. ಬರ್ಕ್, ವಿಲ್ಸ್ ಇಬ್ಬರೂ ಆ ಹೊಳೆಯ ದಂಡೆಯಲ್ಲೇ ತೀರಿಕೊಂಡರು. ಉಳಿದ ಕಿಂಗ್ ಎಂಬವನನ್ನು ಅಲ್ಲಿನ ಯಾಂಡ್ರುವಾಂಡ್ಹಾ ಜನ ಸಾಕಿ ಉಳಿಸಿದರು. ಈಗ ನಾನು ದಾರಿ ಬದಲಿಸಿದರೆ, ಮೊದಲು ಸಂದೇಶ, ಆಮೇಲೆ ಗೇರು.

ನೀರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಬ್ಬರಿಗೆ ದಿನಕ್ಕೆ ಹತ್ತು ಲೀಟರ್, ಬೇರೆ ಬೇರೆ ಡಬ್ಬಗಳಲ್ಲಿ. ಅದುರಿ ಉಜ್ಜಿ ಒಂದು ಡಬ್ಬ ಸೋರಿದರೂ ಉಳಿದವು ಉಳಿಯಬೇಕು. ಊಡ್ನಡಾಟಾದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ಬಿಸಿಲು ದಾಖಲಾಗಿತ್ತು. ಬೇಸಿಗೆಯಲ್ಲಿ ನಾನು ಆ ಕಡೆ ತಲೆ ಹಾಕುವುದಿಲ್ಲ. 1963ರ ಡಿಸೆಂಬರಿನಲ್ಲಿ ಬರ್ಡ್ಸ್‌ವಿಲ್ ಟ್ರ್ಯಾಕಿನಲ್ಲಿ ಪೆಟ್ರೋಲ್ ಮುಗಿದು ನಿಂತ ಕಾರಿನಿಂದ ಇಳಿದು ನಡೆದ ಒಂದು ಕುಟುಂಬದ ಐವರೂ ಬಾಯಾರಿ ಸತ್ತರು. ತಂದೆ, ತಾಯಿ, ಮೂವರು ಗಂಡುಮಕ್ಕಳು. ಅವರನ್ನು ಹೂಳಿದ ಜಾಗವನ್ನು ನೆನೆದು ಪ್ರತಿ ಬಾರಿಯೂ ಆ ದಾರಿಯಲ್ಲಿ ಒಂದು ಕ್ಷಣ ಎಂಜಿನ್ ಆರಿಸಿ ನಿಲ್ಲುತ್ತೇನೆ. ಕಾರಿನ ಬಳಿಯೇ ಇರುವುದು ಎಷ್ಟು ಕಷ್ಟ ಎಂಬುದು, ಆ ಎರಡು ನಟ್‌ಗಳ ಪಕ್ಕದಲ್ಲಿ ಕುಳಿತ ಎರಡು ಗಂಟೆಯಲ್ಲಿ ನನಗೆ ತಿಳಿದಿದೆ. ಕೈಕಾಲು ಸುಮ್ಮನಿರುವುದಿಲ್ಲ, ಆ ದಿಬ್ಬದಾಚೆ ಏನೋ ಇರಬಹುದು ಎಂದು ಮನಸ್ಸು ಎಳೆಯುತ್ತದೆ. ಅದಕ್ಕೇ ನೆರಳಿನ ಟಾರ್ಪಾಲು, ಒಂದು ಮಡಚುವ ಕುರ್ಚಿ, ಎರಡು ಪುಸ್ತಕಗಳನ್ನು ನಾನು ಸುರಕ್ಷತೆಯ ಸಾಮಾನಿನ ಲೆಕ್ಕಕ್ಕೇ ಸೇರಿಸಿದ್ದೇನೆ.

ಒಬ್ಬನೇ ಹೋಗುವುದನ್ನು ಬಿಡಬಾರದೇ ಎಂದು ಕೇಳುವವರಿಗೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ಹೆಂಡತಿಯ ರಜೆಗೂ ನನ್ನ ರಜೆಗೂ ತಾಳೆಯಾಗುವುದಿಲ್ಲ, ಅದು ಅರ್ಧ ಸತ್ಯ. ಉಳಿದರ್ಧ ಸಂಜೆಯ ಹೊತ್ತಿನದು: ಎಂಜಿನ್ ಆರಿದ ಮೇಲೆ ಲೋಹ ತಣ್ಣಗಾಗುವ ಟಿಕ್ ಟಿಕ್ ಸದ್ದು, ಆಮೇಲೆ ಅದೂ ಇಲ್ಲ. ಚಳ್ಳಕೆರೆಯ ಬಯಲಿನಲ್ಲಿ ಬೇಸಿಗೆ ರಾತ್ರಿ ಲಾರಿಯ ಮೇಲೆ ಮಲಗಿ ನೋಡುತ್ತಿದ್ದ ಆಕಾಶ ಇಲ್ಲಿ ಪೂರ್ತಿಯಾಗಿ ಸಿಗುತ್ತದೆ.

ಕಳೆದ ಚಳಿಗಾಲದಲ್ಲಿ ಊಡ್ನಡಾಟಾ ಟ್ರ್ಯಾಕಿನಲ್ಲಿ, ಕವರ್ಡ್ ಸ್ಪ್ರಿಂಗ್ಸ್‌ಗೆ ಇನ್ನೂ ಸ್ವಲ್ಪ ದೂರವಿರುವಾಗ, ಬಾಡಿಗೆ ವಾಹನದ ಪಕ್ಕದಲ್ಲಿ ಒಬ್ಬ ಯುವಕ ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಕುಣಿಯುತ್ತಿದ್ದುದು ಕಾಣಿಸಿತು. ಪಕ್ಕದಲ್ಲಿ ಹುಡುಗಿಯೊಬ್ಬಳು ನೀರಿನ ಬಾಟಲಿ ಹಿಡಿದು ನಿಂತಿದ್ದಳು. ನಿಲ್ಲಿಸಿ, ಸೀಟಿನ ಕೆಳಗಿನಿಂದ ಪೈಪು ತಂದೆ. ಮೂರು ನಟ್‌ಗಳು ಒಂದೊಂದಾಗಿ ಕಿರ್ರೆಂದವು. ಜಾಕಿಯ ಕೆಳಗೆ ನನ್ನ ಮರದ ಹಲಗೆ ಇಟ್ಟು ಚಕ್ರ ಬದಲಿಸಿದೆವು. ಅವರು ಮರ್ರೀ ಕಡೆಗೆ, ನಾನು ಊಡ್ನಡಾಟಾ ಕಡೆಗೆ. ಪೈಪನ್ನು ಅವರಿಗೇ ಕೊಟ್ಟುಬಿಡಬೇಕು ಎಂದು ಬಹಳ ಅನ್ನಿಸಿತು, ನನಗೂ ಅದು ಹಾಗೆಯೇ ಬಂದಿತ್ತಲ್ಲ. ಕೊಡಲಿಲ್ಲ. ಅವರು ಇಬ್ಬರಿದ್ದರು, ಹೋಗುವ ದಾರಿಯಲ್ಲಿ ಆ ದಿನ ವಾಹನಗಳೂ ಓಡಾಡುತ್ತಿದ್ದವು. ನನ್ನ ಮುಂದೆ ಇನ್ನೂ ಎರಡು ದಿನದ ಕಲ್ಲುದಾರಿ ಇತ್ತು.

ಎಷ್ಟು ಉದ್ದದ್ದು ಕೊಳ್ಳಬೇಕು ಎಂದು ಯುವಕ ಕೇಳಿದ. ಅಳತೆಪಟ್ಟಿ ನನ್ನ ಬಳಿ ಇರಲಿಲ್ಲ. ಅವನ ಬಲಗೈಯನ್ನು ನೇರ ಚಾಚಿಸಿ, ಪೈಪನ್ನು ಅದರ ಉದ್ದಕ್ಕೂ ಹಿಡಿದು ತೋರಿಸಿದೆ. ಬೆರಳ ತುದಿಯಿಂದ ಹೆಗಲವರೆಗೆ ಬಂತು.